ಅಡ್ಮಿನ್ ತೆರೆದ ಖಾತೆಗೆ ಇಮೇಲ್ ಹೋಗಬೇಕಾದರೆ

ಬಳಕೆದಾರರೇ ನೋಂದಾಯಿಸಿಕೊಂಡಾಗ ವೆಬ್‌ಸೈಟ್ ತಾನಾಗಿಯೇ ಇಮೇಲ್ ಕಳಿಸುತ್ತದೆ. ಅಡ್ಮಿನ್ ಕೈಯಾರೆ ಖಾತೆ ತೆರೆದರೆ ಮಾತ್ರ ಎಲ್ಲವೂ ಒಂದು ಟಿಕ್ ಗುರುತನ್ನು ನೆಚ್ಚಿಕೊಂಡಿರುತ್ತದೆ.

ಡ್ರುಪಲ್, ವರ್ಡ್‌ಪ್ರೆಸ್ ಎರಡೂ ವೆಬ್‌ಸೈಟ್ ಕಟ್ಟಿ ನಡೆಸುವ ತಂತ್ರಾಂಶಗಳು. ಡ್ರುಪಲ್‌ನಲ್ಲಿ ಹೊಸ ಬಳಕೆದಾರರನ್ನು ಸೇರಿಸುವ ಪುಟದಲ್ಲಿರುವ 'ನೋಟಿಫೈ ಯೂಸರ್ ಆಫ್ ನ್ಯೂ ಅಕೌಂಟ್' ಚೌಕ ಮೊದಲಿಗೆ ಖಾಲಿ ಇರುತ್ತದೆ. ಟಿಕ್ ಹಾಕದೆ ಸೇವ್ ಮಾಡಿದರೆ ಯಾವ ಸೂಚನೆಯೂ ಹೋಗದು. ವರ್ಡ್‌ಪ್ರೆಸ್‌ನಲ್ಲಿರುವ ಇಂಥದ್ದೇ ಚೌಕದಲ್ಲಿ ಟಿಕ್ ಮೊದಲೇ ಬಿದ್ದಿರುತ್ತದೆ. ಆದರೆ ಮಲ್ಟಿಸೈಟ್‌ನಲ್ಲಿ (ಒಂದೇ ವರ್ಡ್‌ಪ್ರೆಸ್‌ನಲ್ಲಿ ಹಲವು ಸೈಟ್ ನಡೆಸುವ ವ್ಯವಸ್ಥೆ) ಅವೆಲ್ಲವನ್ನೂ ನೋಡಿಕೊಳ್ಳುವ ಸೂಪರ್ ಅಡ್ಮಿನ್‌ಗೆ ಕಾಣುವ 'ಸ್ಕಿಪ್ ಕನ್ಫರ್ಮೇಶನ್ ಇಮೇಲ್' ಚೌಕ ತಿರುಗುಮುರುಗು: ಟಿಕ್ ಹಾಕಿದರೆ ಖಾತ್ರಿ ಕೇಳುವ ಇಮೇಲ್ ಹೋಗುವುದಿಲ್ಲ. ಅವಸರದಲ್ಲಿ ಎಡವುವುದು ಇಲ್ಲೇ.

ವರ್ಡ್‌ಪ್ರೆಸ್ಸನ್ನು ಆಜ್ಞೆ ಟೈಪ್ ಮಾಡಿ ನಡೆಸುವ ಸಾಧನವಾದ ಡಬ್ಲ್ಯುಪಿ-ಸಿಎಲ್‌ಐ ಆಜ್ಞೆಯಿಂದ ಖಾತೆ ತೆರೆಯುವವರು ಇಮೇಲ್ ಕಳಿಸುವ ಆಯ್ಕೆಯನ್ನು ಆಜ್ಞೆಯಲ್ಲೇ ಸೇರಿಸಬೇಕು. ಇಲ್ಲದಿದ್ದರೆ ಖಾತೆ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ.

ಇಮೇಲ್‌ನ ಒಕ್ಕಣೆ ಬದಲಿಸಲು ಡ್ರುಪಲ್‌ನ 'ಅಕೌಂಟ್ ಸೆಟ್ಟಿಂಗ್ಸ್'ಗೆ ಹೋಗಿ. ಅಲ್ಲಿ 'ವೆಲ್ಕಮ್' ಎಂದು ಶುರುವಾಗುವ ಒಕ್ಕಣೆಗಳು ಒಂದಕ್ಕಿಂತ ಹೆಚ್ಚಿವೆ. ನಿಮಗೆ ಬೇಕಾದದ್ದು 'ನ್ಯೂ ಯೂಸರ್ ಕ್ರಿಯೇಟೆಡ್ ಬೈ ಅಡ್ಮಿನಿಸ್ಟ್ರೇಟರ್' ಎಂದಿರುವುದು. ಪಕ್ಕದ್ದನ್ನು ತಿದ್ದಿ, ಏನೂ ಬದಲಾಗಲಿಲ್ಲವಲ್ಲ ಎಂದು ತಲೆ ಕೆರೆದುಕೊಳ್ಳುವವರೇ ಹೆಚ್ಚು. ಚೌಕ ಆವರಣದೊಳಗಿನ ಟೋಕನ್‌ಗಳನ್ನು (ಕಳಿಸುವಾಗ ಹೆಸರು, ಲಿಂಕ್ ತಾವಾಗಿ ತುಂಬಿಕೊಳ್ಳುವ ಗುರುತುಗಳು) ಮುಟ್ಟಬೇಡಿ. ಒಂದು ಅಕ್ಷರ ತಪ್ಪಿದರೂ ಲಾಗಿನ್ ಲಿಂಕ್ ಮೂಡುವುದಿಲ್ಲ.

ಪಾಸ್‌ವರ್ಡನ್ನು ಇಮೇಲ್‌ನಲ್ಲಿ ಬರೆದು ಕಳಿಸಲೇಬಾರದು. ಅದು ಇನ್‌ಬಾಕ್ಸ್‌ನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ವರ್ಡ್‌ಪ್ರೆಸ್ 2015ರ 4.3 ಆವೃತ್ತಿಯಲ್ಲೇ ಆ ಪದ್ಧತಿ ಕೈಬಿಟ್ಟು, ಪಾಸ್‌ವರ್ಡ್ ಹೊಂದಿಸಿಕೊಳ್ಳುವ ಲಿಂಕ್ ಕಳಿಸತೊಡಗಿತು. ಆ ಲಿಂಕಿಗೆ ಆಯುಷ್ಯ ಒಂದೇ ದಿನ. ಶುಕ್ರವಾರ ಸಂಜೆ ಖಾತೆ ತೆರೆದರೆ ಸೋಮವಾರ ಬೆಳಿಗ್ಗೆ ಒತ್ತಿದವರಿಗೆ ಸಿಗುವುದು ಅವಧಿ ಮುಗಿದ ಲಿಂಕ್. ಆಗ ಹೊಸ ಖಾತೆ ತೆರೆಯಬೇಕಿಲ್ಲ. ಬಳಕೆದಾರರ ಪಟ್ಟಿಯಲ್ಲಿ ಅವರ ಹೆಸರಿನ ಕೆಳಗೆ 'ಸೆಂಡ್ ಪಾಸ್‌ವರ್ಡ್ ರೀಸೆಟ್' ಒತ್ತಿದರೆ ಸಾಕು. ಈ ಸೌಲಭ್ಯ 5.7ನೇ ಆವೃತ್ತಿಯಿಂದ ಇದೆ. ಡ್ರುಪಲ್‌ನಲ್ಲಿ ಟಿಕ್ ಮರೆತಿದ್ದರೆ, ಲಾಗಿನ್ ಪುಟದ ಪಾಸ್‌ವರ್ಡ್ ರೀಸೆಟ್‌ನಲ್ಲಿ ಅವರ ಇಮೇಲ್ ವಿಳಾಸ ಕೊಡಿ.

ಟಿಕ್ ಸರಿಯಿದ್ದೂ ಇಮೇಲ್ ತಲುಪದಿದ್ದರೆ ದೋಷ ಸಾಮಾನ್ಯವಾಗಿ ರವಾನೆಯಲ್ಲಿರುತ್ತದೆ. ವರ್ಡ್‌ಪ್ರೆಸ್ ಮೂಲತಃ ಸರ್ವರಿನ ಪಿಎಚ್‌ಪಿ ಮೇಲ್ (ಪಿಎಚ್‌ಪಿ ಭಾಷೆಯಲ್ಲೇ ಇರುವ ಇಮೇಲ್ ಸೌಲಭ್ಯ) ಮೂಲಕ ಕಳಿಸುತ್ತದೆ. ಅಂಥವು ಸ್ಪ್ಯಾಮ್‌ಗೆ ಬೀಳುವುದು ಮಾಮೂಲು. ಬದಲಿಗೆ ಮೇಲ್ ಸರ್ವರಿಗೆ ಲಾಗಿನ್ ಆಗಿ ಕಳಿಸುವ ಎಸ್‌ಎಂಟಿಪಿ ಪ್ಲಗಿನ್ (ಹೆಚ್ಚುವರಿ ತಂತ್ರಾಂಶ) ಹಾಕಿ, 587ನೇ ಪೋರ್ಟ್ ಮತ್ತು ಸಂಪರ್ಕವನ್ನು ಗೂಢಲಿಪಿಯಾಗಿಸುವ ಟಿಎಲ್‌ಎಸ್ ಆರಿಸಿ. ಕಳಿಸುವವರ ವಿಳಾಸ ನಿಮ್ಮ ಡೊಮೇನಿನದ್ದೇ ಇರಲಿ. ಡೊಮೇನಿನ ವಿವರಗಳಿರುವ ಡಿಎನ್‌ಎಸ್‌ನಲ್ಲಿ ಎಸ್‌ಪಿಎಫ್ (ನಿಮ್ಮ ಡೊಮೇನಿನಿಂದ ಯಾವ ಸರ್ವರ್‌ಗಳು ಇಮೇಲ್ ಕಳಿಸಬಹುದೆಂಬ ಪಟ್ಟಿ), ಡಿಕೆಐಎಂ (ಇಮೇಲ್‌ನ ಡಿಜಿಟಲ್ ಸಹಿ ಪರೀಕ್ಷಿಸುವ ಕೀಲಿ) ದಾಖಲೆ ಸೇರಿಸಿ. ಎಸ್‌ಪಿಎಫ್ ದಾಖಲೆ ಡೊಮೇನಿಗೆ ಒಂದೇ ಇರಬೇಕು. ಹಳೆಯದರ ಪಕ್ಕದಲ್ಲಿ ಇನ್ನೊಂದು ಸೇರಿಸಿದರೆ ಎರಡೂ ಕೆಲಸಕ್ಕೆ ಬಾರವು.

ಕೊನೆಗೆ ಬೇರೆ ಬೇರೆ ಕಂಪನಿಗಳ ಎರಡು ವಿಳಾಸಗಳಿಗೆ ಪರೀಕ್ಷಾ ಖಾತೆ ತೆರೆಯಿರಿ. ಜಿಮೇಲ್‌ನಲ್ಲಿ ಬಂದ ಸಂದೇಶದ 'ಶೋ ಒರಿಜಿನಲ್' ತೆರೆದರೆ ಎಸ್‌ಪಿಎಫ್, ಡಿಕೆಐಎಂ ಎದುರು 'ಪಾಸ್' ಎಂದಿರಬೇಕು. ಲಿಂಕನ್ನು ಅಡ್ಮಿನ್ ಆಗಿ ಲಾಗಿನ್ ಆಗಿರುವ ಬ್ರೌಸರಿನಲ್ಲಿ ಒತ್ತದೆ, ಖಾಸಗಿ ಕಿಂಡಿಯಲ್ಲಿ (ಇನ್‌ಕಾಗ್ನಿಟೊ) ತೆರೆದು ನೋಡಿ.