ಸಿಪಿಆರ್ ಕಲಿಸುವಾಗ ಟ್ಯಾಬ್ ಯಾರ ಕಡೆ ತಿರುಗಿರಬೇಕು?

ಹೃದಯ ನಿಂತವರ ಎದೆ ಒತ್ತಿ, ಉಸಿರು ಊದುವ ತುರ್ತು ಚಿಕಿತ್ಸೆ ಸಿಪಿಆರ್. ಅದನ್ನು ಕಲಿಸುವ ಬೊಂಬೆಗಳಿಗೆ ಈಗ ಬ್ಲೂಟೂತ್ ಬಂದಿದೆ. ಎದೆ ಎಷ್ಟು ಆಳ ಇಳಿಯಿತು, ಎಷ್ಟು ವೇಗ, ಪ್ರತಿ ಸಲ ಪೂರ್ತಿ ಮೇಲೆದ್ದಿತೋ ಇಲ್ಲವೋ, ಎಲ್ಲವೂ ಟ್ಯಾಬ್‌ನಲ್ಲಿ ಕಾಣುತ್ತದೆ. ವಯಸ್ಕರಿಗೆ ಬೇಕಾದದ್ದು 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಆದರೆ ಪರದೆ ಎದುರಿಗಿದ್ದರೆ ಕಲಿಯುವವರ ಕಣ್ಣು ಅಲ್ಲೇ ನೆಟ್ಟಿರುತ್ತದೆ. ಸರಿಯಿದೆ ಎನ್ನುವ ಪರದೆಯ ಪಟ್ಟಿ ಹಸಿರಾಗಿರುತ್ತದೆ, ನೇರವಿರಬೇಕಾದ ಮೊಣಕೈ ಮಾತ್ರ ಬಾಗಿರುತ್ತದೆ.

ಅದಕ್ಕೇ ಮೊದಲ ಎರಡು ನಿಮಿಷ ಟ್ಯಾಬನ್ನು ನನ್ನ ಕಡೆ ತಿರುಗಿಸಿಟ್ಟುಕೊಳ್ಳುತ್ತೇನೆ. ಮುಗಿದ ಕೂಡಲೇ ‘ಎಷ್ಟು ಆಳ ಹೋಗಿರಬಹುದು?’ ಎಂದು ಕೇಳುತ್ತೇನೆ. ಉತ್ತರ ಬಂದ ಮೇಲಷ್ಟೇ ಅಂಕಿ ತೋರಿಸುವುದು. ಎರಡನೆಯ ಸುತ್ತು ಪರದೆ ನೋಡುತ್ತಾ, ಮೂರನೆಯದು ಮತ್ತೆ ನೋಡದೆ. ದಾಖಲೆಗೆ ಹೋಗುವುದು ಮೂರನೆಯ ಸುತ್ತಿನ ಅಂಕಿ. ಹಸಿರು ಪಟ್ಟಿ ನೋಡಿಕೊಂಡು ಗಳಿಸಿದ್ದಕ್ಕೆ ನಾನು ಬೆಲೆ ಕೊಡುವುದಿಲ್ಲ.

ಹಾಸಿಗೆಯ ಮೇಲೆ ಅಭ್ಯಾಸ ಮಾಡಿಸುವಾಗ ಅಂಕಿಯನ್ನೇ ಅನುಮಾನಿಸಬೇಕು. ಬೊಂಬೆಯ ಒಳಗಿನ ಸೆನ್ಸರ್ ಎದೆಗೂ ಬೆನ್ನಿಗೂ ನಡುವಿನ ಅಂತರ ಅಳೆಯುತ್ತದೆ, ಅದು ಸರಿ. ಎದೆಯ ಮೇಲಿಡುವ ಬಿಲ್ಲೆಯಂಥ ಸಾಧನ ಅಳೆಯುವುದು ತನ್ನದೇ ಚಲನೆಯನ್ನು, ಹಾಸಿಗೆ ಕುಸಿದದ್ದೂ ಅದರ ಲೆಕ್ಕಕ್ಕೆ ಸೇರುತ್ತದೆ. ಹಾಸಿಗೆ 2 ಸೆಂ.ಮೀ. ತಗ್ಗಿದರೆ, ಎದೆ 4 ಸೆಂ.ಮೀ. ಇಳಿದಾಗಲೇ ಅದು 6 ಎನ್ನುತ್ತದೆ. ಬೆನ್ನಿನಡಿ ಗಟ್ಟಿ ಹಲಗೆ ಇಡಿ, ಇಲ್ಲವೇ ಬೊಂಬೆಯನ್ನು ನೆಲಕ್ಕಿಳಿಸಿ. ಒಂದೇ ಹಾಲ್‌ನಲ್ಲಿ ಹಲವು ಬೊಂಬೆಗಳಿದ್ದರೆ ಟ್ಯಾಬ್ ಪಕ್ಕದ ಮೇಜಿನದಕ್ಕೆ ಜೋಡಿಯಾಗಿರುವುದುಂಟು. ಶುರುವಿಗೆ ಮುಂಚೆ ಒಂದೊಂದನ್ನೂ ಒತ್ತಿ ನೋಡಿಕೊಳ್ಳಿ. ಊದಿದಾಗ ಎದೆ ಏರದಿದ್ದರೆ ಮೊದಲು ತಲೆ ಹಿಂದಕ್ಕೆ ಬಾಗಿದೆಯೇ ನೋಡಿ, ಆಮೇಲೆ ಮಾಸ್ಕ್, ಕೊನೆಗೆ ಒಳಗಿನ ಶ್ವಾಸಕೋಶದ ಚೀಲ ಮಡಚಿದೆಯೇ ಎಂದು.

ಮಾನಿಟರ್ ಇರುವ ದೊಡ್ಡ ಸಿಮ್ಯುಲೇಟರ್‌ನಲ್ಲೂ, ಅಂದರೆ ರೋಗಿಯ ಪಾತ್ರ ವಹಿಸುವ ಬೊಂಬೆಯಲ್ಲೂ, ಇದೇ ಪಾಡು. ಒಳಗೆ ಬಂದವರು ರೋಗಿಯನ್ನು ಮುಟ್ಟದೆ ಪರದೆ ಓದುತ್ತಾರೆ. ಪ್ರೋಬ್ ಬೆರಳಿಗೆ ಹಾಕುವ ತನಕ ಆಮ್ಲಜನಕದ ಅಂಕಿ ಬರಕೂಡದು, ತೋಳಿಗೆ ಕಫ್ ಪಟ್ಟಿ ಕಟ್ಟುವ ತನಕ ಬಿಪಿ ಬರಕೂಡದು. ಅಂಕಿ ಇಳಿಸುವುದಿದ್ದರೂ ನಿಧಾನವಾಗಿ: ಆಮ್ಲಜನಕ 94 ಇದ್ದದ್ದು ಒಮ್ಮೆಲೇ 80 ಆದರೆ ಯಂತ್ರ ಕೆಟ್ಟಿದೆಯೆಂದು ವೈರು ಎಳೆದು ನೋಡುತ್ತಾರೆ. ಬೆವರು, ತಣ್ಣಗಾದ ಕೈಕಾಲು ಬೊಂಬೆಗೆ ಬಾರದವು. ಅವನ್ನು ಯಾರು ಬಾಯಲ್ಲಿ ಹೇಳಬೇಕೆಂದು ಮೊದಲೇ ಗೊತ್ತುಮಾಡಿಡುತ್ತೇನೆ.

ಡಿಬ್ರೀಫಿಂಗ್‌ನಲ್ಲಿ, ಅಂದರೆ ಅಭ್ಯಾಸ ಮುಗಿದ ಮೇಲಿನ ಚರ್ಚೆಯಲ್ಲಿ, ಸಿಪಿಆರ್ ಗ್ರಾಫ್ ತೆರೆದಾಗ ಆಳಕ್ಕಿಂತ ಮೊದಲು ನೋಡುವುದು ಒತ್ತುವುದು ನಿಂತ ಖಾಲಿ ಜಾಗಗಳನ್ನು. 10 ಸೆಕೆಂಡಿಗಿಂತ ಉದ್ದದ ಬಿಡುವು ಹೆಚ್ಚಾಗಿ ಬೀಳುವುದು ನಾಡಿ ನೋಡುವಾಗ, ಇಲ್ಲವೇ ಒತ್ತುವವರು ಬದಲಾಗುವಾಗ. ಮುಂದಿನವರು ಎದುರು ಬದಿಯಲ್ಲಿ ಮೊಣಕಾಲೂರಿ ಸಿದ್ಧರಿರಲಿ, ಒತ್ತುತ್ತಿರುವವರು ತಮ್ಮ ಸರದಿ ಮುಗಿಯುವುದು ಅವರಿಗೆ ಗೊತ್ತಾಗುವಂತೆ ‘28, 29, 30’ ಎಂದು ಗಟ್ಟಿಯಾಗಿ ಎಣಿಸಲಿ.