ಎಲೆ ತಿರುಗಿಸಿ ನೋಡಿದ ಮೇಲೆ

ನಮ್ಮದು ದೊಡ್ಡಬಳ್ಳಾಪುರದ ಹತ್ತಿರ 10 ಗುಂಟೆ ಪಾಲಿಹೌಸ್, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಬೆಳೆಮನೆ. ಸೌತೆ ಬಳ್ಳಿಯ ಎಲೆ ಹಳದಿಯಾಗಲು ಶುರುವಾದಾಗ ಮೆಗ್ನೀಷಿಯಂ ಕೊರತೆ ಇರಬೇಕು ಅಂದುಕೊಂಡು ಡ್ರಿಪ್‌ನಲ್ಲಿ ಎಪ್ಸಮ್ ಸಾಲ್ಟ್ ಬಿಟ್ಟೆ. ಒಂದು ವಾರ ಹಾಗೇ ಹೋಯಿತು. ಆಮೇಲೆ ಕಾಯಿ ಬಿಡಿಸುತ್ತಿದ್ದ ಅಕ್ಕ ಒಬ್ಬರು, "ಅಣ್ಣಾ, ಎಲೆ ಎಲ್ಲಾ ಅಂಟಂಟು ಆಗೈತೆ, ನೋಡ್ರಿ" ಅಂದರು. ಬಳ್ಳಿ ಅಲ್ಲಾಡಿಸಿದೆ. ಹಿಟ್ಟು ಕೊಡವಿದ ಹಾಗೆ ಬಿಳಿ ನೊಣ ಎದ್ದವು. ಎಲೆಯ ರಸ ಹೀರಿ ಅಂಟು ಬಿಡುತ್ತಿದ್ದದ್ದು ಇವೇ. ನೋಡನೋಡುತ್ತಲೇ ಮತ್ತೆ ಎಲೆ ಅಡಿ ಸೇರಿಕೊಂಡವು.

ಔಷಧಿ ಅಂಗಡಿಯಲ್ಲಿ ಕೊಟ್ಟಿದ್ದನ್ನೇ ತಂದು ಮೂರು ಸಲ ಹೊಡೆದೆ. ಹೊಡೆದ ದಿನ ನೊಣ ಉದುರುತ್ತಿದ್ದವು, ಆರನೇ ದಿನಕ್ಕೆ ಮತ್ತೆ ಅಷ್ಟೇ. ದುಡ್ಡು ಹೋಯಿತು. ದಿನ ಬಿಟ್ಟು ದಿನ ಕಾಯಿ ಕೀಳುವ ಬೆಳೆಗೆ ಇಷ್ಟು ವಿಷ ಹಾಕುತ್ತಿದ್ದೇನಲ್ಲ ಅಂತ ಮನಸ್ಸಿಗೂ ಸಮಾಧಾನವಿರಲಿಲ್ಲ.

ಆಗ 10 ಪಟ್ಟು ದೊಡ್ಡದಾಗಿ ಕಾಣುವ ಒಂದು ಲೆನ್ಸ್ ತಂದು ಒಂದೇ ಬಳ್ಳಿಯನ್ನು ಮೇಲಿಂದ ಕೆಳಗೆ ನೋಡಿದೆ. ತುದಿಯ ಎಳೆ ಎಲೆಯ ಹಿಂದೆ ಮೊಟ್ಟೆಗಳು, ನಿಲ್ಲಿಸಿಟ್ಟ ಸಣ್ಣ ಕಾಳಿನ ಹಾಗೆ. ನಡುವಿನ ಎಲೆಯಲ್ಲಿ ಚಪ್ಪಟೆ ಮರಿಗಳು. ತಿಳಿ ಹಳದಿ ಬಣ್ಣ, ಮುಟ್ಟಿದರೂ ಅಲ್ಲಾಡುವುದಿಲ್ಲ. ಕೆಳಗಿನ ಬಲಿತ ಎಲೆಯಲ್ಲಿ ಉಬ್ಬಿದ ಕೋಶಗಳು, ಕೆಲವದರಲ್ಲಿ ಎರಡು ಕೆಂಪು ಕಣ್ಣು ಕಾಣುತ್ತಿದ್ದವು. ನೊಣ ಹಾರಿಹೋದ ಖಾಲಿ ಸಿಪ್ಪೆಗಳೂ ಅಲ್ಲೇ. ಎಳೆ ಎಲೆ ಹುಡುಕಿ ಮೊಟ್ಟೆ ಇಡುತ್ತವೆ, ಬಳ್ಳಿ ಬೆಳೆದ ಹಾಗೆ ಆ ಎಲೆ ಕೆಳಗಾಗುತ್ತದೆ, ಅಷ್ಟೇ. ಮೊಟ್ಟೆಯಿಂದ ನೊಣವಾಗಲು ನಮ್ಮ ಬಿಸಿಲಿಗೆ ಸುಮಾರು ಮೂರು ವಾರ. ನಾನು ಕೊಲ್ಲುತ್ತಿದ್ದದ್ದು ಹಾರುವುದನ್ನು ಮಾತ್ರ. ಮೊಟ್ಟೆಗೂ ಕೋಶಕ್ಕೂ ಏನೂ ಆಗುತ್ತಿರಲಿಲ್ಲ.

ಮೊದಲು ಕೆಳಗಿನ ಎಲೆ ಕಿತ್ತೆವು. ಕಿತ್ತಿದ್ದನ್ನು ಅಲ್ಲೇ ಬಿಸಾಡಬಾರದು, ಬಾಡಿದ ಎಲೆಯಿಂದಲೂ ನೊಣ ಹೊರಬರುತ್ತವೆ. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಹೊರಗೆ ಸುಟ್ಟೆವು. ಬಳ್ಳಿಯ ತುದಿಯ ಮಟ್ಟಕ್ಕೆ ಹಳದಿ ಅಂಟಿನ ಹಾಳೆ ಕಟ್ಟಿದೆವು. ಬಳ್ಳಿ ಬೆಳೆದಂತೆ ಅವನ್ನೂ ಏರಿಸಬೇಕು.

ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು. ಮೊದಲ ಸಲ ಬೆಳಿಗ್ಗೆ 11ಕ್ಕೆ ಹೊಡೆದು ಎರಡು ಸಾಲಿನ ಎಲೆ ಅಂಚು ಸುಟ್ಟುಹೋಯಿತು. ಸೌತೆ ಎಲೆ ಬಲು ಸೂಕ್ಷ್ಮ. ಅವತ್ತಿನಿಂದ ಸಂಜೆ 5ರ ಮೇಲೆಯೇ ಹೊಡೆದೆ, ನಾಜಲ್ ಮೇಲ್ಮುಖ ಮಾಡಿ, ಎಲೆಯ ಅಡಿ ತೊಯ್ಯುವ ಹಾಗೆ. ಆರು ದಿನಕ್ಕೊಮ್ಮೆ, ನಾಲ್ಕು ಸಲ. ನಡುವೆ ಒಂದೆರಡು ಸಂಜೆ ವರ್ಟಿಸಿಲಿಯಂ ಪುಡಿ, ಲೀಟರ್‌ಗೆ 5 ಗ್ರಾಂ. ಅದು ಬಿಳಿ ನೊಣಕ್ಕೆ ರೋಗ ತಂದು ಕೊಲ್ಲುವ ಶಿಲೀಂಧ್ರ, ತೇವ ಬೇಕು. ಹಾಗಾಗಿ ಮಂಜಿನಂತೆ ನೀರು ಸಿಂಪಡಿಸುವ ಫಾಗರ್ ಸ್ವಲ್ಪ ಹೊತ್ತು ಓಡಿಸುತ್ತಿದ್ದೆ.

ನಾಲ್ಕನೇ ವಾರಕ್ಕೆ ಬಳ್ಳಿ ಅಲ್ಲಾಡಿಸಿದರೆ ಎಲ್ಲೋ ಒಂದೊಂದು ನೊಣ. ಹೊಸ ಎಲೆಗೆ ಅಂಟು ಇರಲಿಲ್ಲ. ನನಗಾದ ಸಂತೋಷ ಹೇಳತೀರದು.

ಬೆಳೆ ಮುಗಿದ ಮೇಲೆ ಬಳ್ಳಿ ಕಿತ್ತು, ಒಳಗಿನ ಕಳೆ, ಹೊರಗೆ ಗೋಡೆ ಪಕ್ಕದ ಪಾರ್ಥೇನಿಯಂ ಎಲ್ಲ ತೆಗೆದು ಮೂರು ವಾರ ಖಾಲಿ ಬಿಟ್ಟೆ. ಹೊಸ ಸಸಿ ನೆಟ್ಟ ಮೊದಲ ವಾರ ಹಾಳೆಗೆ ಅಂಟಿದ್ದು ಎರಡೇ ನೊಣ. ಎರಡೂ ಬಾಗಿಲ ಪಕ್ಕದ ಹಾಳೆಗೆ. ಬಾಗಿಲು ತೆರೆದಾಗಲೇ ಒಳಗೆ ಬರುತ್ತಿರಬೇಕು ಅನಿಸಿತು. ಮಾರನೆಯ ದಿನವೇ ವೆಲ್ಡರ್‌ನನ್ನು ಕರೆಸಿ ಎರಡನೇ ಬಾಗಿಲಿಗೆ ಅಳತೆ ಕೊಟ್ಟೆ.