ಜ್ವರ ಎಷ್ಟನೇ ದಿನ ಅಂತ ಕೇಳಾಕ ಹತ್ತಿದ ಮ್ಯಾಲೆ

ಪುಣೆದಾಗ ಹಡಪ್ಸರ್ ಕಡೆ ಒಂದು ಲ್ಯಾಬ್‌ನಾಗ ಹನ್ನೆರಡು ವರ್ಷ ಆತು ಕೆಲಸ ಮಾಡಾಕ ಹತ್ತಿ, ಊರು ಧಾರವಾಡ. ಮಳಿ ಹಿಡೀತು ಅಂದ್ರ ಆಗಸ್ಟ್‌ನಿಂದ ಅಕ್ಟೋಬರ್ ತನಕ ಡೆಂಗ್ಯೂ, ಚಿಕೂನ್‌ಗುನ್ಯಾ, ನಡುನಡುವ ಮಲೇರಿಯಾ, ಉಸಿರಾಡಾಕ ಟೈಮ್ ಇರೂದಿಲ್ಲ. ಬಂದವರೆಲ್ಲಾ ಕೇಳೂದು ಒಂದೇ, "ಪ್ಲೇಟ್‌ಲೆಟ್ ಎಷ್ಟೈತ್ರಿ?" ಮೊದಲಿಗೆ ನಾನೂ ಅದನ್ನೇ ನೋಡ್ತಿದ್ದೆ, ಸಿಆರ್‌ಪಿ ಫೆರಿಟಿನ್ ಎಲ್ಲಾ ಡಾಕ್ಟರ್ ಬರದಾರಂತ ಮಾಡೂ ಟೆಸ್ಟು ಅಷ್ಟೇ.

ಸಿಆರ್‌ಪಿ ಉರಿಯೂತ ಇದ್ದಾಗ ಲಿವರ್ ಮಾಡೂ ಪ್ರೋಟೀನು. ಬ್ಯಾಕ್ಟೀರಿಯಾ ಇನ್‌ಫೆಕ್ಷನ್ ಜೋರಿದ್ರ 100 ದಾಟಿ ಹೋಗ್ತೈತಿ, ಡೆಂಗ್ಯೂದಾಗ ಹೆಚ್ಚಾಗಿ 10, 20 ಹಿಂಗ ಕೆಳಗೇ ಇರ್ತೈತಿ, ಹಂಗಂತ ಸಿಆರ್‌ಪಿ ಕಡಿಮಿ ಐತಿ ಚಿಂತಿ ಇಲ್ಲ ಅನ್ನಾಕ ಬರೂದಿಲ್ಲ. ಎನ್‌ಎಸ್1 (ಡೆಂಗ್ಯೂ ವೈರಸ್‌ನ ಪ್ರೋಟೀನ್ ಹುಡುಕೂ ಟೆಸ್ಟು) ಪಾಸಿಟಿವ್ ಇದ್ದೂ ಸಿಆರ್‌ಪಿ 150 ಬಂತಂದ್ರ ನಾನು ಸ್ಮಿಯರ್, ಅಂದ್ರ ಗಾಜಿನ ಮ್ಯಾಲೆ ಸವರಿದ ರಕ್ತ, ಮತ್ತೊಮ್ಮೆ ನೋಡ್ತೀನಿ, ಮಲೇರಿಯಾನೂ ಜೋಡಿ ಐತೇನು ಅಂತ, ಆಮ್ಯಾಲೆ ಡಾಕ್ಟರ್‌ಗೆ ಫೋನ್. ಚಿಕೂನ್‌ಗುನ್ಯಾದ್ದು ಬ್ಯಾರೆ, ಅದರಾಗ ಸಿಆರ್‌ಪಿ, ಇಎಸ್‌ಆರ್ (ಇದೂ ಉರಿಯೂತ ತೋರಿಸೂ ಟೆಸ್ಟು) ಎರಡೂ ಏರ್ತಾವ, ಕೀಲುನೋವು ಇರೂತನಕ ಇಎಸ್‌ಆರ್ ವಾರಗಟ್ಟಲೆ ಇಳಿಯೂದಿಲ್ಲ ಕೆಲವರಿಗೆ.

ನನಗ ಪಾಠ ಕಲಿಸಿದ್ದು ಫೆರಿಟಿನ್. ಕಬ್ಬಿಣಾಂಶ ಕೂಡಿಡೂ ಪ್ರೋಟೀನ್ ಅದು, ಖರೆ, ಆದ್ರ ಡೆಂಗ್ಯೂದಾಗ ಅದು ಏರೂದು ರಕ್ಷಣಾ ಕೋಶಗಳು ಮತ್ತ ಲಿವರ್ ಕೆರಳಿದ್ದಕ್ಕ, ಸಾವಿರಗಟ್ಟಲೆ ಹೋಗ್ತೈತಿ. ರಿಪೋರ್ಟ್ ನೋಡಿ ಕಬ್ಬಿಣ ಹೆಚ್ಚಾಗೇತಂತ ನುಗ್ಗಿಸೊಪ್ಪು ಬಿಟ್ಟವರನ್ನ ನೋಡೀನಿ, ಹಂಗ ಮಾಡಬ್ಯಾಡ್ರಿ. ಸುರುವಿನ ವರ್ಷದಾಗ ಒಬ್ಬ ಪೇಷಂಟ್‌ದು ಸೋಮವಾರ ಫೆರಿಟಿನ್ ಮಷೀನ್ ಮಿತಿ ದಾಟ್ತು, "2000ಕ್ಕಿಂತ ಹೆಚ್ಚು" ಅಂತ ಕಳಿಸಿದ್ನಿ, ಬುಧವಾರ ಮತ್ತ ಅದೇ. ಡಾಕ್ಟರ್ ಫೋನ್ ಮಾಡಿ "ಏರೈತೋ ಇಳದೈತೋ ಅದನ್ನ ಹೇಳ್ರಿ" ಅಂದ್ರು. ಹೇಳಾಕ ನನ್ನ ಹತ್ರ ಏನೂ ಇರಲಿಲ್ಲ, ಸೋಮವಾರದ ಸೀರಂ (ರಕ್ತದ ತಿಳಿ) ಚೆಲ್ಲಿಬಿಟ್ಟಿದ್ದೆ. ಆವತ್ತಿಂದ ಮಿತಿ ದಾಟಿದ್ರ 20 ಮೈಕ್ರೋಲೀಟರ್ ಸೀರಂಗೆ 180 ಡೈಲ್ಯೂಯೆಂಟ್ (ತೆಳು ಮಾಡೂ ದ್ರಾವಣ) ಹಾಕಿ ಮತ್ತ ರನ್ ಮಾಡಿ ಹತ್ತರಿಂದ ಗುಣಿಸಿ ಖರೆ ನಂಬರ್ ಕೊಡ್ತೀನಿ, ಉಳಿದ ಸೀರಂ ಹೆಸರು ಬರದು ಫ್ರಿಜ್‌ನಾಗ ಇಡ್ತೀನಿ.

ಇನ್ನೊಂದು, ಜ್ವರ ಎಷ್ಟನೇ ದಿನ ಅಂತ ಫಾರ್ಮ್ ಮ್ಯಾಲೆ ಕೆಂಪು ಪೆನ್ನಿಲೆ ಬರಕೋತೀನಿ. ಎನ್‌ಎಸ್1 ಮೊದಲ ಐದು ದಿನ ಚಲೋ ಸಿಗ್ತೈತಿ, ಐಜಿಎಂ, ಅಂದ್ರ ರೋಗದ ವಿರುದ್ಧ ಮೈ ಮಾಡೂ ಪ್ರತಿಕಾಯ, ಅದರ ಆಮ್ಯಾಲೆ, ದಿನ ಗೊತ್ತಿಲ್ದ ನೆಗೆಟಿವ್ ರಿಪೋರ್ಟ್ ಕೊಟ್ರ ಮಂದಿ ಆರಾಮ ಅದೀವಿ ಅಂತ ಮನಿಗೆ ಹೋಗ್ತಾರ.

ಹೋದ ಮಳಿಗಾಲದಾಗ ಇಂಡಿ ಕಡೆಯ ಗೌಂಡಿ ಹುಡುಗ ಬಂದಿದ್ದ, ಜೋಡಿ ಹೆಂಡ್ತಿ. "ಅಕ್ಕಾರ, ಜ್ವರ ಬಿಟ್ಟಾವ್ರಿ, ನಾಳಿ ಕೆಲಸಕ್ಕ ಹೋಗಬಹುದಲ್ರಿ?" ಅಂತ ಆಕಿ ಕೇಳಿದ್ಲು. ಐದನೇ ದಿನ. ಸಿಆರ್‌ಪಿ 9, ಪ್ಲೇಟ್‌ಲೆಟ್ 62,000. ಆದ್ರ ಪಿಸಿವಿ (ರಕ್ತದಾಗ ಕೆಂಪು ಕಣಗಳ ಶೇಕಡಾ ಪಾಲು) ಎರಡು ದಿನದ ಹಿಂದ 39 ಇದ್ದದ್ದು 47 ಆಗಿತ್ತು, ಅಂದ್ರ ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿ ಆಗಾಕ ಹತ್ತಿತ್ತು. ಡೆಂಗ್ಯೂದಾಗ ಜ್ವರ ಇಳಿಯೂ ಹೊತ್ತೇ ಕಾಯೂ ಹೊತ್ತು, ಒಂದೆರಡು ದಿನ ಕಣ್ಣಿಡಬೇಕು. ಫೆರಿಟಿನ್ ಡೈಲ್ಯೂಟ್ ಮಾಡಿದ್ನಿ, 1,140, ಹತ್ತರಿಂದ ಗುಣಿಸಿದ್ರ 11,400. ರಿಪೋರ್ಟ್ ಪ್ರಿಂಟ್ ಆಗೂದು ಕಾಯದ ಡಾಕ್ಟರ್‌ಗೆ ಹೇಳಿದ್ನಿ, ಆವತ್ತೇ ಅಡ್ಮಿಟ್ ಮಾಡಿ ಸಲೈನ್ ಹಚ್ಚಿದ್ರು. ಹುಡುಗನ ಮೈಕೈ ನೋವಿಗೆ ಬ್ರೂಫೆನ್ ಕೊಡಬ್ಯಾಡ, ರಕ್ತಸ್ರಾವ ಹೆಚ್ಚಾಗಬಹುದು, ಡಾಕ್ಟರ್ ಕೊಟ್ಟ ಪ್ಯಾರಾಸಿಟಮಾಲ್ ಅಷ್ಟೇ ಅಂತ ಹೆಂಡ್ತಿಗೆ ಎರಡು ಸಲ ಹೇಳಿದ್ನಿ.

ಮೂರು ದಿನ ಬಿಟ್ಟು ಆಕಿನೇ ಸ್ಯಾಂಪಲ್ ತಂದ್ಲು, ಪಿಸಿವಿ 41, ಫೆರಿಟಿನ್ 6,200. ಫಾರ್ಮ್ ಮ್ಯಾಲೆ ನಾನು ಕೇಳೂಕಿಂತ ಮೊದಲೇ ಕನ್ನಡದಾಗ ಬರದಿದ್ಲು, "ಎಂಟನೇ ದಿನ".